ಪದದ ತಲೆ ಬಿಡಿ, ಬಾಲ ನೋಡಿ: ಫೋನಿನಲ್ಲಿ ಕಲಸಿ ಬರೆಯುವ ಕನ್ನಡದ ಒಳಲೆಕ್ಕ

ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಕಡೆಯ ನೆಲ್ಲಿನ (ಭತ್ತದ) ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ದಿನಾ ಓಡಾಡುವಂಥ ಒಂದು ಮೆಸೇಜ್ ತಗೊಳ್ಳಿ:

"ಅಣ್ಣಾ, ನಿನ್ನೆ ಗ್ರೂಪ್‌ನ್ಯಾಗ ಹಾಕಿದ ರೇಟ್ ಕನ್ಫರ್ಮ್ ಐತೇನ್? ಬಿಲ್ಕುಲ್ ಫೇಕ್ ಅಂತ ಹೇಳಾಕತ್ಯಾರ, ಚೆಕ್ ಮಾಡಿ ಹೇಳ್ರಿ."

ಒಟ್ಟು 14 ಪದ. ಐದು ಪದಗಳ ಬೇರು ಇಂಗ್ಲಿಷಿನಲ್ಲಿದೆ, ಒಂದು ಉರ್ದುವಿನದು. ಇದನ್ನು ಓದಿ 'ಕಲಬೆರಕೆ ಕನ್ನಡ' ಎಂದು ಮೂಗು ಮುರಿಯುವವರು ಪದಗಳ ತಲೆಯನ್ನಷ್ಟೇ ನೋಡುತ್ತಾರೆ. ಬಾಲ ನೋಡಿದರೆ ಲೆಕ್ಕವೇ ಬೇರೆ. 'ಗ್ರೂಪ್' ಇಂಗ್ಲಿಷ್ ಹೌದು, ಅದನ್ನು ವಾಕ್ಯದಲ್ಲಿ ಕೂರಿಸಿದ 'ನ್ಯಾಗ' ಕನ್ನಡ. 'ಚೆಕ್' ಹೊರಗಿನದು, ಅದಕ್ಕೆ ಕಾಲು ಕೊಟ್ಟ 'ಮಾಡಿ' ನಮ್ಮದು. ಯಾರು, ಯಾವಾಗ, ಎಲ್ಲಿ, ಎಷ್ಟು ಮರ್ಯಾದೆಯಿಂದ ಎಂಬುದನ್ನೆಲ್ಲ ಹೇಳುವ ತುಂಡುಗಳು ಒಂದೂ ಬಿಡದೆ ಕನ್ನಡದವು. ಎರಡು ಭಾಷೆ ಬಲ್ಲವರು ಕೈಗೆ ಸಿಕ್ಕಿದ್ದನ್ನು ಸುಮ್ಮನೆ ತುರುಕುವುದಿಲ್ಲ. ಯಾವ ಭಾಷೆ ಚೌಕಟ್ಟು, ಯಾವುದು ಅದರೊಳಗಿನ ಸಾಮಾನು ಎಂಬುದು ಬರೆಯುವವರ ಬೆರಳಿಗೆ ಗೊತ್ತಿರುತ್ತದೆ.

ಭಾಷಾಶಾಸ್ತ್ರಜ್ಞೆ ಕ್ಯಾರಲ್ ಮೈಯರ್ಸ್-ಸ್ಕಾಟನ್ 1993ರಲ್ಲಿ ಮುಂದಿಟ್ಟ ವಾದವೂ ಇದೇ. ಕೀನ್ಯಾದಲ್ಲಿ ಸ್ವಾಹಿಲಿ ಮತ್ತು ಇಂಗ್ಲಿಷ್ ಬೆರೆಸಿ ಆಡುವ ಮಾತನ್ನು ಗಮನಿಸಿದ ಅವರು, ಬೆರೆತ ವಾಕ್ಯದಲ್ಲೂ ಒಂದೇ ಭಾಷೆ ಯಜಮಾನಿಕೆ ಮಾಡುತ್ತದೆ, ಪದಗಳ ಕ್ರಮವನ್ನೂ ವಾಕ್ಯ ಕಟ್ಟುವ ಪ್ರತ್ಯಯಗಳನ್ನೂ ಅದೇ ಕೊಡುತ್ತದೆ ಎಂದರು. ಇನ್ನೊಂದು ಭಾಷೆ ನಾಮಪದ, ಕ್ರಿಯೆಯ ಬೇರು, ಇಲ್ಲವೇ ಇಡೀ ಪದಗುಚ್ಛವನ್ನು ಒದಗಿಸುತ್ತದೆ. 'ಆನ್ ದ ವೇ ಅದೀನಿ' ಎಂದು ರಾಯಚೂರಿನವರು ಬರೆದಾಗ ಆ ಮೂರು ಪದಗಳ ತುಂಡು ತನ್ನ ಇಂಗ್ಲಿಷ್ ಕ್ರಮ ಬಿಡದೆ ಒಳಗೆ ಬಂದು ಕೂತಿರುತ್ತದೆ. ಕೊನೆಗೆ 'ಅದೀನಿ' ಮಾತ್ರ ಬೇಕೇ ಬೇಕು.

ಹೊರಗಿನ ಪದ ಒಳಗೆ ಬರುವ ದಾರಿ

ಕನ್ನಡದ ಮಾತಿಗೆ ವ್ಯಂಜನದಲ್ಲಿ ನಿಲ್ಲುವ ಪದ ಅಷ್ಟಾಗಿ ಒಗ್ಗುವುದಿಲ್ಲ, ಕೊನೆಗೊಂದು ಉಕಾರ ಬೇಕು. ಹಾಗಾಗಿ ಕಾರು, ಫೋನು, ರೇಟು. ಇದರಲ್ಲಿ ಯಾರೂ ಹೇಳಿಕೊಡದೆ ಎಲ್ಲರೂ ಪಾಲಿಸುವ ನಿಯಮ ಒಂದಿದೆ. ಒಂದೇ ಸ್ವರ ಇರುವ ಪದದಲ್ಲಿ ಆ ಸ್ವರ ಹ್ರಸ್ವವಾಗಿದ್ದರೆ ಕೊನೆಯ ವ್ಯಂಜನ ಇಮ್ಮಡಿಸುತ್ತದೆ: ಬಸ್ಸು, ಪೆನ್ನು, ಬಿಲ್ಲು, ಚೆಕ್ಕು. ಸ್ವರ ದೀರ್ಘವಾಗಿದ್ದರೆ ಇಮ್ಮಡಿಸುವುದಿಲ್ಲ. ಫೋನ್ 'ಫೋನಿಗೆ' ಆಗುತ್ತದೆಯೇ ಹೊರತು 'ಫೋನ್ನಿಗೆ' ಆಗದು. ವ್ಯಂಜನ ಮೊದಲೇ ಜೋಡಿಯಾಗಿದ್ದರೂ ಇಮ್ಮಡಿಸುವುದಿಲ್ಲ, ಲಿಂಕ್ 'ಲಿಂಕಿಗೆ' ಅಷ್ಟೇ. ನಿನ್ನೆ ಬಂದ ಆ್ಯಪಿನ ಹೆಸರಾದರೂ ಇದೇ ಸಾಲಿನಲ್ಲಿ ನಿಂತು ಒಳಗೆ ಬರಬೇಕು.

ಬಹುವಚನದಲ್ಲಿ ಒಂದು ತಮಾಷೆ ಇದೆ. ಇಂಗ್ಲಿಷಿನ ಬಹುವಚನದ ಸಕಾರವನ್ನು ಕನ್ನಡ ಲೆಕ್ಕಕ್ಕೇ ಹಿಡಿಯುವುದಿಲ್ಲ. 'ಒಂದು ರೀಲ್ಸ್ ಮಾಡೀನಿ ನೋಡ್ರಿ' ಅಂತಾರೆ, ಎರಡಾದರೆ 'ರೀಲ್ಸ್‌ಗಳು'. ಫ್ರೆಂಡ್ಸ್‌ಗಳು, ಫೋಟೋಸ್‌ಗಳು ಇದೇ ಜಾತಿ. ಶಾಲೆಯ ಇಂಗ್ಲಿಷ್ ಲೆಕ್ಕದಲ್ಲಿ ತಪ್ಪಿರಬಹುದು. ಆದರೆ ಈ ವಾಕ್ಯದ ಯಜಮಾನ ಕನ್ನಡ, ಬಹುವಚನಕ್ಕೆ ಅದು ತನ್ನ ಪ್ರತ್ಯಯವನ್ನೇ ಕೇಳುತ್ತದೆ.

ಕ್ರಿಯಾಪದಗಳ ವಿಷಯ ಇನ್ನೂ ಸೊಗಸು. ಇಂಗ್ಲಿಷ್ ಕ್ರಿಯೆ ತನ್ನ ಕಾಲಸೂಚಕವನ್ನು ಬಾಗಿಲಲ್ಲೇ ಬಿಟ್ಟು ಬರಿಯ ಬೇರಾಗಿ ಬರುತ್ತದೆ, ಕಾಲ, ಪುರುಷ, ಮರ್ಯಾದೆಯನ್ನೆಲ್ಲ 'ಮಾಡು' ಅಥವಾ 'ಆಗು' ಹೊರುತ್ತದೆ. 'ಡಿಲೀಟ್ ಮಾಡ್ದೆ' ಎಂದರೆ ಮಾಡಿದವರು ಒಪ್ಪಿಕೊಂಡಂತೆ. 'ಡಿಲೀಟ್ ಆಗೇತ್ರಿ' ಎಂದರೆ ತಾನಾಗಿಯೇ ಆಯಿತು, ಯಾರನ್ನೂ ಕೇಳುವ ಹಾಗಿಲ್ಲ. ಗ್ರೂಪಿನ ಅಡ್ಮಿನ್‌ಗಳು ಯಾರನ್ನಾದರೂ ತೆಗೆದ ಮೇಲೆ 'ರಿಮೂವ್ ಆಗೀರಿ ಅನಸ್ತದ, ಮತ್ತ ಆ್ಯಡ್ ಮಾಡ್ತೀನಿ' ಎಂದು ಬರೆಯುವುದರ ಹಿಂದಿನ ಜಾಣತನ ಇದೇ: ತೆಗೆದದ್ದಕ್ಕೆ 'ಆಗು', ಸೇರಿಸುವುದಕ್ಕೆ 'ಮಾಡು'. ಎಲ್ಲಕ್ಕೂ 'ಮಾಡು' ಸಾಲದು. ಫೋನ್ 'ಹಚ್ಚು'ತ್ತಾರೆ, ಸ್ಟೇಟಸ್ 'ಇಡು'ತ್ತಾರೆ, ಕಮೆಂಟ್ 'ಹಾಕು'ತ್ತಾರೆ, ಲೈಕ್ 'ಹೊಡಿ'ತಾರೆ, ನೆಟ್ 'ಹೋಗು'ತ್ತದೆ. ಯಾವ ಹೊರಗಿನ ಪದಕ್ಕೆ ಯಾವ ಕ್ರಿಯೆ ಜೋಡಿ ಎಂದು ಯಾವ ನಿಘಂಟು ನೋಡಿಯೂ ಯಾರೂ ಬರೆಯುವುದಿಲ್ಲ.

ಒಳಗೆ ಬರಲಾಗದ್ದು ಯಾವುದು? 'ನಾನು ಇನ್ ಗ್ರೂಪ್ ಹಾಕೀನಿ' ಎಂದು ಯಾರೂ ಬರೆಯರು. ಇಂಗ್ಲಿಷಿನಲ್ಲಿ ಜಾಗ ಹೇಳುವ ಪದ ನಾಮಪದಕ್ಕಿಂತ ಮುಂಚೆ ಬರುತ್ತದೆ, ಕನ್ನಡದಲ್ಲಿ ಹಿಂದೆ ಅಂಟುತ್ತದೆ. ಎರಡರ ಕ್ರಮ ತಾಳೆಯಾಗದ ಕಡೆ ಜಿಗಿತ ಕಷ್ಟ. ನ್ಯೂಯಾರ್ಕಿನ ಪೋರ್ಟೊರಿಕನ್ ಜನರ ಸ್ಪ್ಯಾನಿಷ್–ಇಂಗ್ಲಿಷ್ ಮಾತನ್ನು ಅಧ್ಯಯನ ಮಾಡಿ ಶಾನಾ ಪಾಪ್ಲಾಕ್ 1980ರಲ್ಲಿ ಹೇಳಿದ ನಿಯಮ ಇದು. 'ಬಟ್', 'ಸೋ' ಸಲೀಸಾಗಿ ನುಗ್ಗುತ್ತವೆ, ಯಾಕೆಂದರೆ ಕನ್ನಡದ 'ಆದ್ರ' ಕೂಡ ವಾಕ್ಯದ ಅಂಚಿನಲ್ಲೇ ಕೂರುತ್ತದೆ. ಪಾಪ್ಲಾಕ್ ಅವರದೇ ಇನ್ನೊಂದು ನಿಯಮದ ಪ್ರಕಾರ, ಹೊರಗಿನ ಪದ ಉಚ್ಚಾರದಲ್ಲಿ ಪೂರ್ತಿ ಒಗ್ಗುವ ತನಕ ಅದಕ್ಕೆ ಈ ಕಡೆಯ ಪ್ರತ್ಯಯ ನೇರವಾಗಿ ಅಂಟಬಾರದು. ಕನ್ನಡದಂಥ ಅಂಟುಪ್ರತ್ಯಯದ ಭಾಷೆಯಲ್ಲಿ ಅದು ಗಳಿಗೆಗೊಮ್ಮೆ ಮುರಿಯುತ್ತದೆ. ಈ ನಿಯಮ ಸ್ಪ್ಯಾನಿಷಿಗೆ ಒಪ್ಪುವಷ್ಟು ನಮಗೆ ಒಪ್ಪುವುದಿಲ್ಲ.

ಯಾವುದು ಬೆರಕೆ, ಯಾವುದು ನಮ್ಮದೇ

'ದವಾಖಾನಿಗೆ ಹೋಗಿ ಬಂದೆ' ಎಂದು ರಾಯಚೂರಿನ ಅಜ್ಜಿ ಹೇಳಿದರೆ ಅದು ಉರ್ದು ಬೆರಕೆಯೇ? ಅಲ್ಲ. ಉರ್ದುವಿನ ಒಂದು ವಾಕ್ಯವೂ ಬಾರದವರು ಒಂದು ಪದವನ್ನು ದಿನಾ ಬಳಸುತ್ತಾರೆ ಎಂದರೆ ಅದು ಎರವಲಾಗಿ ಬಂದು ಮನೆಯದೇ ಆಗಿದೆ. ಪದ ಬೆರಕೆಯೋ ಎರವಲೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಜಮೀನು, ತಾಲೂಕು, ಅರ್ಜಿ, ಹಾಜರಿ ಎಲ್ಲವೂ ಈ ಪರೀಕ್ಷೆ ಪಾಸಾದಂಥವು. ಈಗ 'ರೀಚಾರ್ಜ್' ಕೂಡ ಪಾಸಾಗಿದೆ. 'ಕನ್ಫರ್ಮ್' ಹೊಸ್ತಿಲ ಮೇಲಿದೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳ ಬೆರಕೆ ಒಂದೇ ಥರ ಇಲ್ಲದಿರುವುದಕ್ಕೆ ಇತಿಹಾಸವೇ ಕಾರಣ. ಬಳ್ಳಾರಿಯನ್ನು ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ಆಮೇಲೆ ಅದು ಮದ್ರಾಸ್ ಪ್ರಾಂತದಲ್ಲಿತ್ತು, 1953ರಲ್ಲಿ ಆಂಧ್ರ ರಾಜ್ಯ ಆದಾಗ ಮೈಸೂರಿಗೆ ಸೇರಿತು. ಆಲೂರು, ಆದೋನಿ, ರಾಯದುರ್ಗ ಆಚೆ ಉಳಿದವು, ನೆಂಟಸ್ತನ ಮಾತ್ರ ಎರಡೂ ಕಡೆ ಉಳಿಯಿತು. ರಾಯಚೂರು ಮತ್ತು 1997ರವರೆಗೆ ಅದರದೇ ಭಾಗವಾಗಿದ್ದ ಕೊಪ್ಪಳ 1948ರ ತನಕ ಉರ್ದು ಆಡಳಿತ ಭಾಷೆಯಾಗಿದ್ದ ಹೈದರಾಬಾದ್ ಸಂಸ್ಥಾನದಲ್ಲಿದ್ದವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು ಕಡೆ ಆಂಧ್ರದ ರೈತರು ಬಂದು ಕ್ಯಾಂಪ್‌ಗಳನ್ನು ಕಟ್ಟಿಕೊಂಡರು. ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಬಂಗಾಳಿ ನಿರಾಶ್ರಿತರ ಕುಟುಂಬಗಳಿವೆ. 'ಕ್ಯಾಂಪಿಗೆ ಹೋಗಿದ್ದೆ' ಎನ್ನುವಾಗ ಇಂಗ್ಲಿಷ್ ಆಡಿದೆ ಎಂದು ಈ ಭಾಗದ ಒಬ್ಬರಿಗೂ ಅನ್ನಿಸುವುದಿಲ್ಲ.

ಹೀಗಾಗಿ ಬಳ್ಳಾರಿಯ ಸಿನಿಮಾ ಕಮೆಂಟುಗಳಲ್ಲಿ ತೆಲುಗು, ರಾಯಚೂರಿನ ತಮಾಷೆ ವಿಡಿಯೋಗಳ ಕೆಳಗೆ ದಖನಿಯ, ಅಂದರೆ ಈ ಕಡೆಯ ಉರ್ದುವಿನ 'ನಕ್ಕೋ' (ಬೇಡ), 'ಕಾಯ್ಕು' (ಯಾಕೆ), 'ಹೌ' (ಹೌದು). ಇಂಗ್ಲಿಷ್ ಜೊತೆಗಿನ ಬೆರಕೆಗೂ ಇವುಗಳ ಜೊತೆಗಿನ ಬೆರಕೆಗೂ ದೊಡ್ಡ ವ್ಯತ್ಯಾಸ ಇದೆ. ಒಂದೇ ಮಾತನ್ನು ಮೂರು ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ:

ಕನ್ನಡ: ಬರ್ತೀನಿ ಅಂತ ಹೇಳ್ಯಾನ.
ತೆಲುಗು: ವಸ್ತಾನು ಅನಿ ಚೆಪ್ಪಾಡು.
ದಖನಿ: ಆತೂಂ ಬೋಲ್ಕೆ ಬೋಲ್ಯಾ.

ಮೂರರಲ್ಲೂ ಮೂರೇ ಪದ, ಕ್ರಮವೂ ಅದೇ. ದಿಲ್ಲಿ ಕಡೆಯ ಉರ್ದುವಿನಲ್ಲಿ 'ಹೇಳಿದ' ಮೊದಲು ಬರುತ್ತದೆ, ನಡುವೆ 'ಕಿ' ಬರುತ್ತದೆ, ಹೇಳಿದ ಮಾತು ಆಮೇಲೆ. ದಖನಿ ಅದನ್ನು ಬಿಟ್ಟು 'ಅಂತ', 'ಅನಿ' ಇರುವ ಜಾಗಕ್ಕೆ ಸರಿಯಾಗಿ 'ಬೋಲ್ಕೆ' ಇಟ್ಟುಕೊಂಡಿದೆ. ಶತಮಾನಗಟ್ಟಲೆ ದ್ರಾವಿಡ ಭಾಷೆಗಳ ನಡುವೆ ಬಾಳಿದ ಗುರುತು ಅದು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಸಾಂಗ್ಲಿ ಜಿಲ್ಲೆಯ ಕುಪವಾಡದ ಬಗ್ಗೆ ಬರೆದದ್ದು ಇಂಥದೇ ಸಂಗತಿ: ಅಲ್ಲಿನ ಕನ್ನಡ, ಮರಾಠಿ, ಉರ್ದು ವಾಕ್ಯರಚನೆಯಲ್ಲಿ ಎಷ್ಟು ಹತ್ತಿರವಾಗಿವೆ ಎಂದರೆ ಪದಕ್ಕೆ ಪದ ಬದಲಿಸಿದರೆ ಭಾಷೆಯೇ ಬದಲಾಗುತ್ತದೆ. ಚೌಕಟ್ಟು ಒಂದೇ ಆದಾಗ ಯಾವ ಪದದ ಬಳಿ ಬೇಕಾದರೂ ಜಿಗಿಯಬಹುದು. ಇಂಗ್ಲಿಷಿಗೆ ಆ ಸಲುಗೆ ಇಲ್ಲ, ಅದು ಸಾಮಾನಾಗಿ ಮಾತ್ರ ಒಳಗೆ ಬರುತ್ತದೆ.

ಯಾವಾಗ, ಯಾಕೆ ಜಿಗಿಯುತ್ತಾರೆ

ಕನ್ನಡ ಪದ ಗೊತ್ತಿಲ್ಲದೆ ಇಂಗ್ಲಿಷ್ ಬಳಸುತ್ತಾರೆ ಎಂಬುದು ಅರ್ಧ ಸತ್ಯ. ಬೇರೆಯವರ ಮಾತನ್ನು ಅವರದೇ ಭಾಷೆಯಲ್ಲಿ ಉಲ್ಲೇಖಿಸಲು, ಒಂದೇ ಮಾತನ್ನು ಒತ್ತಿ ಹೇಳಲು ('ಬ್ಯಾಡ, ನಕ್ಕೋ, ನೋ'), ಗುಂಪಿನಲ್ಲಿ ಒಬ್ಬರನ್ನು ಆರಿಸಿ ಮಾತಾಡಿಸಲು ಜನ ಭಾಷೆ ಬದಲಿಸುತ್ತಾರೆ. ಇವನ್ನೆಲ್ಲ ಗಂಪರ್ಜ್ ಮೊದಲೇ ಗುರುತಿಸಿದ್ದರು. ಸಾಲ, ಕಾಯಿಲೆ, ಮುಟ್ಟಿನಂಥ ಹೇಳಲು ಮುಜುಗರವಾಗುವ ವಿಷಯ ಬಂದಾಗ ಇಂಗ್ಲಿಷ್ ಮರೆಯಾಗಿ ನಿಲ್ಲುತ್ತದೆ.

ನಮ್ಮ ಕಡೆ ಇನ್ನೊಂದು ಗಟ್ಟಿ ಕಾರಣ ಇದೆ, ಮರ್ಯಾದೆ. ಊರು ತಲುಪಿದಿರಾ ಎಂದು ಕೇಳಬೇಕಾದರೆ ಕನ್ನಡದಲ್ಲಿ 'ಮುಟ್ಟಿದಿ?' ಅಥವಾ 'ಮುಟ್ಟಿದ್ರಿ?' ಎರಡರಲ್ಲಿ ಒಂದನ್ನು ಆರಿಸಲೇಬೇಕು. ಆ ಕಡೆ ಇರುವವರು ವಯಸ್ಸಿನಲ್ಲಿ ಚಿಕ್ಕವರು, ಹುದ್ದೆಯಲ್ಲಿ ದೊಡ್ಡವರು ಎಂದಾದರೆ ಬೆರಳು ತಡವರಿಸುತ್ತದೆ. 'ರೀಚ್ಡ್?' ಎಂದು ಬರೆದರೆ ಏಕವಚನ, ಬಹುವಚನದ ರಗಳೆಯೇ ಇಲ್ಲ. 'ಫ್ರೀನಾ?' ಕೂಡ ಇದೇ ಕೆಲಸ ಮಾಡುತ್ತದೆ. ಬರಿಯ ಇಂಗ್ಲಿಷ್ ಒರಟಾಯಿತು ಅನ್ನಿಸಿದರೆ ಕೊನೆಗೊಂದು 'ರೀ' ಅಂಟಿಸಿದರೆ ಆಯಿತು: ಓಕೆ ರೀ, ಡನ್ ರೀ, ಥ್ಯಾಂಕ್ಸ್ ರೀ. ಶ್ರದ್ಧಾಂಜಲಿ, ಮದುವೆಯ ಕರೆಯೋಲೆ, ಮುಖಂಡರ ಹುಟ್ಟುಹಬ್ಬದ ಬ್ಯಾನರ್ ಬಂದರೆ ಮಾತ್ರ ಅದೇ ಜನ ಅಚ್ಚ ಗ್ರಂಥ ಕನ್ನಡಕ್ಕೆ ತಿರುಗುತ್ತಾರೆ.

ಇಂಗ್ಲಿಷ್ ಅಕ್ಷರದ ಕನ್ನಡ

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಚಟ ಎಸ್ಸೆಮ್ಮೆಸ್ ಕಾಲದ ಬಳುವಳಿ, ಮತ್ತು ಅದಕ್ಕೆ ಶುದ್ಧ ಲೆಕ್ಕಾಚಾರದ ಕಾರಣವಿತ್ತು. ಒಂದು ಎಸ್ಸೆಮ್ಮೆಸ್ಸಿಗೆ 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಗಳು ತಲಾ 7 ಬಿಟ್ಟಿನಲ್ಲಿ ಕೂರುವುದರಿಂದ 160 ಹಿಡಿಯುತ್ತವೆ. ಕನ್ನಡಕ್ಕೆ ತಲಾ 16 ಬಿಟ್ ಬೇಕು, ಹಿಡಿಯುವುದು 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ. 'ಬಳ್ಳಾರಿ' ಕಣ್ಣಿಗೆ ಮೂರು ಅಕ್ಷರ, ಯಂತ್ರಕ್ಕೆ ಏಳು (ಬ, ಳ, ವಿರಾಮದ ಗುರುತು, ಮತ್ತೊಂದು ಳ, ಆಕಾರ, ರ, ಇಕಾರ). ಊರ ಹೆಸರೊಂದೇ ಮೆಸೇಜಿನ ಹತ್ತನೇ ಒಂದು ಭಾಗ ತಿಂದಿತು. ಇಂಗ್ಲಿಷ್ ಅಕ್ಷರಗಳ ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಇಳಿಯುತ್ತದೆ. ವಾಟ್ಸ್‌ಆ್ಯಪಿಗೆ ಈ ಮಿತಿ ಇಲ್ಲ, ಆದರೆ ಬೆರಳಿಗೆ ಅಂಟಿದ ರೂಢಿ ಉಳಿದಿದೆ.

ಆ ರೂಢಿಯ ಬೆಲೆ ಅರ್ಥದಲ್ಲಿ ತೆರಬೇಕಾಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ತ–ಟ, ದ–ಡ, ನ–ಣ, ಲ–ಳ ಭೇದವಿಲ್ಲ. ಎಚ್, ಎ, ಎರಡು ಟಿ, ಐ ಎಂದು ಬರೆದರೆ ಅದು ಹತ್ತಿಯೋ, ಲಿಂಗಸುಗೂರು ತಾಲೂಕಿನ ಚಿನ್ನದ ಗಣಿಯ ಹಟ್ಟಿಯೋ, ಬಸ್ಸು ಹತ್ತಿದ್ದೋ? ರಾಯಚೂರು ಜಿಲ್ಲೆಯಲ್ಲಿ ಮೂರೂ ದಿನನಿತ್ಯದ ಮಾತೇ. ಸ್ವರವನ್ನು ಎರಡು ಸಲ ಬರೆದರೂ ಹಾಲು–ಹಾಳು ಬೇರೆಯಾಗುವುದಿಲ್ಲ. 'ಬರಹ' ತಂತ್ರಾಂಶದಲ್ಲಿ ದೊಡ್ಡಕ್ಷರದ ಟಿ ಒತ್ತಿದರೆ ಟ, ಸಣ್ಣದಕ್ಕೆ ತ ಎಂಬ ಕಟ್ಟಳೆ ಇತ್ತು. ಫೋನಿನಲ್ಲಿ ಆ ಶಿಸ್ತು ಇಟ್ಟುಕೊಂಡವರು ಕಡಿಮೆ, ಮೇಲಾಗಿ ವಾಕ್ಯದ ಮೊದಲಕ್ಷರವನ್ನು ಫೋನೇ ದೊಡ್ಡದು ಮಾಡಿಬಿಡುತ್ತದೆ. ಬಳ್ಳಾರಿಯಲ್ಲಿ ಇನ್ನೊಂದು ತೊಡಕು: ತೆಲುಗಿನ 'ಮಾಟ' ಎಂದರೆ ಮಾತು, ಕನ್ನಡದ 'ಮಾಟ' ಎಂದರೆ ವಾಮಾಚಾರ, ಮತ್ತು ಕನ್ನಡದ 'ಮಾತ' ಬರೆದರೂ ಅವೇ ಇಂಗ್ಲಿಷ್ ಅಕ್ಷರಗಳು.

ಯಂತ್ರ ಎಡವುವ ಜಾಗ

ಬೆರಕೆಯನ್ನು ಅಳೆಯಲು ಅಮಿತಾವ ದಾಸ್ ಮತ್ತು ಬ್ಯೋರ್ನ್ ಗ್ಯಾಂಬೆಕ್ 2014ರಲ್ಲಿ ಬಳಸಿದ ಸೂಚ್ಯಂಕವೊಂದಿದೆ. ಎಮೋಜಿ, ಸಂಖ್ಯೆಯಂಥ ಯಾವ ಭಾಷೆಗೂ ಸೇರದವನ್ನು ಬಿಟ್ಟು ಉಳಿದ ಪದಗಳನ್ನು ಎಣಿಸಬೇಕು. ಅತಿ ಹೆಚ್ಚು ಪದ ಇರುವ ಭಾಷೆಯ ಪಾಲನ್ನು ಒಂದರಿಂದ ಕಳೆದು ನೂರರಿಂದ ಗುಣಿಸಬೇಕು. ಪೂರ್ತಿ ಒಂದೇ ಭಾಷೆಯಾದರೆ ಸೊನ್ನೆ.

ಮೊದಲಿನ ನೆಲ್ಲಿನ ಮೆಸೇಜಿಗೆ ಇದನ್ನು ಹಚ್ಚೋಣ. 14 ಪದಗಳಲ್ಲಿ 'ಗ್ರೂಪ್‌ನ್ಯಾಗ' ಇಂಗ್ಲಿಷ್, 'ಬಿಲ್ಕುಲ್' ಉರ್ದು ಎಂದು ಹಿಡಿದರೆ ಕನ್ನಡದವು 8, ಸೂಚ್ಯಂಕ ಸುಮಾರು 43. ಪ್ರತ್ಯಯ ನೋಡಿ 'ಗ್ರೂಪ್‌ನ್ಯಾಗ' ಕನ್ನಡ, ರೂಢಿ ನೋಡಿ 'ಬಿಲ್ಕುಲ್' ಕೂಡ ಕನ್ನಡ ಎಂದರೆ 10 ಪದ, ಸೂಚ್ಯಂಕ 29. ಮೆಸೇಜಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಪದಕ್ಕೊಂದು ಭಾಷೆಯ ಚೀಟಿ ಅಂಟಿಸುವ ವಿಧಾನವೇ ನಮ್ಮಂಥ ಭಾಷೆಗೆ ಒರಟು, ಪದವನ್ನು ಬಿಡಿಸಿ ಬೇರಿಗೊಂದು, ಪ್ರತ್ಯಯಕ್ಕೊಂದು ಚೀಟಿ ಅಂಟಿಸಬೇಕು.

ಒಳ್ಳೆಯದೋ ಕೆಟ್ಟದೋ ಎಂದು ಕಮೆಂಟುಗಳನ್ನು ವಿಂಗಡಿಸುವ ಯಂತ್ರ ಬೇರೆ ಕಡೆ ಮುಗ್ಗರಿಸುತ್ತದೆ. 'ಸೂಪರ್ ಅಂತೇನಿಲ್ಲ ಬಿಡ್ರಿ' ಎಂಬುದರಲ್ಲಿ ಅದರ ಕಣ್ಣಿಗೆ ಬೀಳುವುದು 'ಸೂಪರ್', ನಿಷೇಧ ಇರುವುದು 'ಅಂತೇನಿಲ್ಲ'ದ ಬಾಲಕ್ಕೆ ಅಂಟಿದ 'ಇಲ್ಲ'ದಲ್ಲಿ. ಗೆಳೆಯರ ನಡುವಿನ 'ಲೇ ಮಗನ' ಅದಕ್ಕೆ ಬೈಗುಳವಾಗಿ ಕಾಣುತ್ತದೆ. ಯೂಟ್ಯೂಬ್ ಕಮೆಂಟುಗಳಿಂದ 2020ರಲ್ಲಿ ಸಿದ್ಧವಾದ ಕನ್ನಡ–ಇಂಗ್ಲಿಷ್ ಬೆರಕೆಯ ದತ್ತಾಂಶದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಮೆಂಟುಗಳಿವೆ. ಒಂದು ಭಾಷೆಯ ಎಲ್ಲ ಸೀಮೆಯ ಮಾತಿಗೆ ಅದು ತೀರಾ ಚಿಕ್ಕ ಮೂಟೆ.

ಗ್ರೂಪಿಗೆ ಸುದ್ದಿ ಹಾಕುವವರಿಗೆ

ಗೊಬ್ಬರ ಬಂದಿದೆ, ಲಸಿಕೆ ಇದೆ, ಕಾಲುವೆಗೆ ನೀರು ಬಿಡುತ್ತಾರೆ ಎಂಬಂಥ ಸುದ್ದಿ ಹಾಕುವವರು ಬೆರಕೆಗೆ ಅಂಜಬೇಕಿಲ್ಲ. 'ಆಧಾರ್ ಜೆರಾಕ್ಸ್ ತಗೊಂಡು ಬರ್ರಿ' ಎನ್ನುವುದನ್ನು 'ನೆರಳಚ್ಚು ಪ್ರತಿ' ಎಂದು ಬದಲಿಸಿದರೆ ಅರ್ಧ ಜನ ಫೋನ್ ಹಚ್ಚಿ ಕೇಳುತ್ತಾರೆ. ಎಚ್ಚರ ಬೇಕಾದ್ದು ಬೇರೆ ಕಡೆ. ಊರಿನ ಹೆಸರು, ವಾರ, ಬೆಳೆ, ಬೇಕು–ಬೇಡ ಹೇಳುವ ಕ್ರಿಯಾಪದ ಇವಿಷ್ಟನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ಉಳಿದದ್ದು ಇಂಗ್ಲಿಷ್ ಅಕ್ಷರದಲ್ಲಿದ್ದರೂ ನಡೆದೀತು.

ಇಂಗ್ಲಿಷ್ ಪದಕ್ಕೆ ಪ್ರತ್ಯಯ ಅಂಟಿಸುವಾಗ 'ಲಿಂಕ್' ಮುಂದೆ 'ಗೆ' ಒತ್ತಿದರೆ ಗಕಾರ ಒತ್ತಕ್ಷರವಾಗಿ ಕಕಾರದ ಕೆಳಗೆ ಇಳಿದು ಓದಲು ಬಾರದ ಆಕಾರ ಆಗುತ್ತದೆ. ಇದನ್ನು ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು, ಅದು ಎಲ್ಲ ಕೀಬೋರ್ಡುಗಳಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಆಡುಮಾತಿನಂತೆ 'ಲಿಂಕಿಗೆ', 'ಗ್ರೂಪಿನ್ಯಾಗ' ಎಂದು ಬರೆದರೆ ಆ ಗೊಡವೆಯೇ ಇಲ್ಲ.

ಧ್ವನಿಯಿಂದ ಬರೆಸುವವರು ಕಳಿಸುವ ಮುಂಚೆ ಕ್ರಿಯಾಪದವನ್ನು ಒಮ್ಮೆ ಓದಿಕೊಳ್ಳಬೇಕು. 'ಬರಾಕತ್ತೀನಿ', 'ಬಂದಿಲ್ರಿ' ಥರದ ರೂಪಗಳು ಗ್ರಂಥ ಕನ್ನಡ ಕಲಿತ ಯಂತ್ರಕ್ಕೆ ಅಪರಿಚಿತ, ಅದು ತನಗೆ ತಿಳಿದ ಯಾವುದೋ ಪದಕ್ಕೆ ಎಳೆದುಬಿಡುತ್ತದೆ.

ಇನ್ನು ಹ್ಯಾಷ್‌ಟ್ಯಾಗು ಮತ್ತು ವೆಬ್ ವಿಳಾಸ. ಇವೆರಡಕ್ಕೂ ಪ್ರತ್ಯಯ ಅಂಟಿಸಲೇಬಾರದು. #ಗವಿಮಠಜಾತ್ರೆ ಒಂದು, #ಗವಿಮಠಜಾತ್ರೆಗೆ ಇನ್ನೊಂದು. ಮೊದಲನೆಯದನ್ನು ಹುಡುಕಿದವರಿಗೆ ಎರಡನೆಯದರಡಿ ಹಾಕಿದ ಫೋಟೋ ಸಿಗುವುದಿಲ್ಲ. ವಿಳಾಸದ ಬಾಲಕ್ಕೆ 'ದಾಗ' ಅಂಟಿದರೆ ಅದೂ ವಿಳಾಸದ ಭಾಗವಾಗಿ, ಒತ್ತಿದಾಗ ಪುಟವೇ ತೆರೆಯದೆ ಹೋಗಬಹುದು. ವಿಳಾಸವನ್ನು ಬೇರೆ ಸಾಲಿನಲ್ಲಿ ಒಂಟಿಯಾಗಿ ಬಿಟ್ಟು, ಅದರ ಮೇಲಿನ ಸಾಲಿನಲ್ಲಿ 'ಕೆಳಗಿನ ಲಿಂಕಿನ್ಯಾಗ ಫಾರಂ ತುಂಬ್ರಿ' ಎಂದು ಬರೆದರೆ ಸಾಕು.